ನಡುಗುವ ಅಂಗೈಯ ಕೆಳಗೆ

ಅವ್ವನ ಎಡಗೈ ಗಡಗಡ ನಡುಗುತ್ತಿತ್ತು. ಅಂಗೈ ಮೇಲೆ ಇಷ್ಟಲಿಂಗವಿತ್ತು. ಕೊಟ್ಟೂರು ಕಡೆಯ ಮಠವೊಂದು ನಡೆಸುವ, ಹೆಂಗಸರ ಕುಡಿತ ಬಿಡಿಸುವ ಕೇಂದ್ರದಲ್ಲಿ ಅವಳಿಗದು ಆರನೇ ದಿನ. ನಾನು ನೋಡಲು ಹೋಗಿದ್ದೆ. ಲಿಂಗ ನೆಲಕ್ಕೆ ಬೀಳುವುದೆಂದರೆ ನಮ್ಮಲ್ಲಿ ಜೀವ ಹೋದಂತೆ. ಪೂಜೆಗೆ ಕೂತ ಹೆಂಗಸರೆಲ್ಲ ಅವಳ ಕೈಯನ್ನೇ ನೋಡುತ್ತಿದ್ದರು.

"ಬೀಳತೈತ್ರಿ, ತಗೋರಿ ಇದನ್ನ!" ಅವ್ವ ಅಳುತ್ತಾ ಬೇಡಿದಳು.

ಎತ್ತಿಕೊಳ್ಳಲು ನಾನು ಮುನ್ನುಗ್ಗಿದೆ. ಕೇಂದ್ರ ನೋಡಿಕೊಳ್ಳುವ ಅಕ್ಕ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು. "ತಗೀಬ್ಯಾಡ್ರಿ. ಪೂಜಿ ಮುಗಿಯೋತನಕ ಆಕೀನೇ ಹಿಡ್ಕಳ್ಳಿ. ನೀವು ಕೆಳಗ ಕೈ ಇಡ್ರಿ, ಸಾಕು."

ಇಟ್ಟೆ. ಅವ್ವನ ಬೆವರು ನನ್ನ ಅಂಗೈಗೆ ತೊಟ್ಟಿಕ್ಕಿತು. ಲಿಂಗ ಬೀಳಲಿಲ್ಲ.

ಹತ್ತು ವರ್ಷ ಆ ಕೈಯಿಂದ ಬಾಟಲಿ ಕಸಿದದ್ದೇ ಕಸಿದದ್ದು. ಅದರ ಕೆಳಗೆ ನನ್ನ ಕೈ ಇಟ್ಟದ್ದು ಅವತ್ತೇ ಮೊದಲು.