ಚಕ್ರದ ಕೆಳಗಿದ್ದ ಚರಕ

ಅವರ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಚಿಕ್ಕಂದಿನಲ್ಲಿ ಮಷಿನ್ನಿನ ಸೂಜಿ ಹಾದುಹೋದ ಗುರುತು. ಸೂಜಿ ಹಿಡಿಯುತ್ತಿದ್ದದ್ದು ಎಡಗೈಯಲ್ಲಿ, ಬಟ್ಟೆಯ ಮಡಿಕೆ ತೀಡುತ್ತಿದ್ದದ್ದು ಆ ಉಗುರಿನಿಂದಲೇ. ಇಸ್ತ್ರಿ ಹಾಕಿದರೂ ಅಷ್ಟು ನೇರ ಗೆರೆ ಬೀಳುತ್ತಿರಲಿಲ್ಲ. ಕೊಟ್ಟೂರಿನ ನಮ್ಮ ಓಣಿಗೆಲ್ಲ ಅವರು ಟೇಲರಮ್ಮ. ರವಿಕೆ, ಲಂಗ ಹೊಲಿಯುತ್ತಿದ್ದರೂ ಹೆಸರಾಗಿದ್ದದ್ದು ಬಾವುಟಕ್ಕೆ.

ನನಗೆ ಎಣಿಸಿ ಬರೆದಿಡುವ ಚಟ. ಒಂದು ವರ್ಷ ಅವರು ಹೊಲಿದದ್ದನ್ನೆಲ್ಲ ಡೈರಿಗೆ ಹಾಕಿದ್ದೆ: ಶಾಲೆಗಳಿಗೆ ತ್ರಿವರ್ಣ ನಲವತ್ತೊಂದು, ನವೆಂಬರಿಗೆ ಹಳದಿ-ಕೆಂಪು ಇಪ್ಪತ್ತಾರು, ಏಪ್ರಿಲಿಗೆ ನೀಲಿ ಹದಿನೆಂಟು, ಉಜ್ಜಿನಿ ಪೀಠಕ್ಕೆ ನಡೆದು ಹೋಗುವವರಿಗೆ ಕೆಂಪು ಒಂಬತ್ತು, ಬುದ್ಧಪೂರ್ಣಿಮೆಗೆ ಐದು ಬಣ್ಣದ ಪಟ್ಟಿಯವು ಮೂರು. ಯಾವುದಾದರೂ ಸರಿ, ಹಾರುವ ಕಡೆಯ ಅಂಚಿಗೆ ನಾಲ್ಕು ಸಾಲು ಹೊಲಿಗೆ. "ಗಾಳಿ ಮೊದ್ಲು ಬಾಯಿ ಹಾಕೋದು ಇಲ್ಲೇ" ಎನ್ನುತ್ತಿದ್ದರು. ಹೊಲಿದು ಮುಗಿದ ಮೇಲೆ ಮಾಳಿಗೆ ಹತ್ತಿ ಕೋಲಿಗೆ ಕಟ್ಟಿ ಒಮ್ಮೆ ಹಾರಿಸಿ ನೋಡದೆ ಯಾರ ಕೈಗೂ ಕೊಡುತ್ತಿರಲಿಲ್ಲ.

"ಮಷಿನ್ ಮ್ಯಾಲ ಎಲ್ಲಾ ಬಾವುಟಾನೂ ಚಂದ, ಯವ್ವಾ. ಗಾಳ್ಯಾಗ ನೋಡ್ಬೇಕು."

ನಿವೃತ್ತ ಮೇಷ್ಟ್ರೊಬ್ಬರು ಊರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸಣ್ಣ ವಸ್ತುಸಂಗ್ರಹಾಲಯ ಮಾಡುತ್ತಿದ್ದರು. ಸೇರು, ಪಾವು, ಕೋಗಳಿ ಬಸದಿಯ ಹಳೆಯ ಫೋಟೊಗಳು. ಅವನ್ನೆಲ್ಲ ನೋಂದಣಿ ಪುಸ್ತಕದಲ್ಲಿ ಬರೆಯುವ ಕೆಲಸ ನನ್ನದು. ಒಂದು ಮನೆಯವರು ಟ್ರಂಕಿನಿಂದ ತೆಗೆದು ಒಂದು ಖಾದಿ ಬಾವುಟ ಕೊಟ್ಟರು. ಸ್ವಾತಂತ್ರ್ಯ ಬರುವ ಮೊದಲೇ ತಮ್ಮ ಅಜ್ಜ ಕದ್ದುಮುಚ್ಚಿ ಹಾರಿಸಿದ್ದು ಎಂದರು. ಕೋಣೆ ತೆರೆಯಲು ಎಂಟು ದಿನವಿತ್ತು. ಮೇಷ್ಟ್ರು ಬಾವುಟ ಬಿಡಿಸಿ ನೋಡಿ ಮುಖ ಸಣ್ಣದು ಮಾಡಿದರು.

"ನಡುವೆ ಚಕ್ರ ಐತಲ್ಲವ್ವ. ಆಗ ಇದ್ದದ್ದು ಚರಕ. ಇದು ಆಮೇಲಿಂದು. ತೆಗೆದಿಡು."

ಮನಸ್ಸು ಒಪ್ಪಲಿಲ್ಲ. ಬಟ್ಟೆಯ ವಯಸ್ಸನ್ನಾದರೂ ತಿಳಿಯೋಣವೆಂದು ಟೇಲರಮ್ಮನ ಹತ್ತಿರ ಒಯ್ದೆ. ಅವರು ಅಂಚು ಮುಟ್ಟಿ ನೋಡಿದರು. ಚಕ್ರದ ಮೇಲೆ ಬೆರಳಿಟ್ಟವರು ಅಲ್ಲಿಂದ ತೆಗೆಯಲೇ ಇಲ್ಲ.

"ಹೊಲಿಗಿ ಯಾವ ಕಡಿ ವಾಲೈತಿ ನೋಡು. ಎಡಚಿ ಕೈದು. ಇದು ನಂದು."

ಸ್ವಾತಂತ್ರ್ಯ ಬಂದು ಎಷ್ಟೋ ವರ್ಷವಾದ ಮೇಲಿನ ಮಾತು, ಆಗ ಅವರಿಗೆ ಹದಿನಾರು. ಆ ಮನೆಯ ಹಿರಿಯಾಕೆ ಹರಿದ ಅಂಚು ಹೊಲಿಯಲೆಂದು ಬಾವುಟ ಕೊಟ್ಟಿದ್ದಳು. ನಡುವೆ ಚರಕ ಕಂಡ ಹುಡುಗಿ, ಯಾರೋ ತಪ್ಪು ಹೊಲಿದಿದ್ದಾರೆಂದು ಅದನ್ನು ಬಿಚ್ಚಿ ತೆಗೆದು, ಇಪ್ಪತ್ನಾಲ್ಕು ಗೆರೆಯ ಚಕ್ರ ಹೊಲಿದ ಗುಂಡನೆಯ ಬಿಳಿ ಬಟ್ಟೆಯನ್ನು ಎರಡೂ ಮಗ್ಗುಲಿಗೆ ಬೇರೆ ಬೇರೆಯಾಗಿ ಹಚ್ಚಿಕೊಟ್ಟಿದ್ದಳು.

"ದೇಶದ ಬಾವುಟಾನ ತಿದ್ದೀನಿ ಅಂತ ಊರೆಲ್ಲಾ ಮೆರದೆ" ಎಂದು ನಗಲು ನೋಡಿದರು. "ಆಯಮ್ಮ ಎರಡೂ ಮಗ್ಗುಲು ತಿರುವಿ ನೋಡಿದಳು. ಮಡಚಿ ಒಳಗ ಒಯ್ದಳು. ಮೊದಲ ಚರಕಾನ ಇತ್ತು ಅಂತ ನನಗ ಗೊತ್ತಾಗಿದ್ದು ಎಷ್ಟೋ ವರ್ಷಕ್ಕ. ಹೋಗಿ ಹೇಳಾಕ ಮುಖ ಬರ್ಲಿಲ್ಲ."

ಮರುದಿನ ಅವರೇ ಕೋಣೆಗೆ ಬಂದು ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದರು. ಬಾವುಟ ಕೊಟ್ಟ ಮನೆಯವರನ್ನು ಕರೆಸಿ ಅವರ ಒಪ್ಪಿಗೆ ಪಡೆದು, ಒಂದು ಮಗ್ಗುಲಿನ ಗುಂಡು ಬಟ್ಟೆಯನ್ನಷ್ಟೇ ಬಿಚ್ಚುವುದೆಂದು ಮಾತಾಯಿತು. ಟೇಲರಮ್ಮ ಕಿಟಕಿಯ ಬೆಳಕಿಗೆ ಕುಳಿತು ಒಂದೊಂದೇ ದಾರ ಕತ್ತರಿಸಿದರು. ಬಟ್ಟೆ ಎದ್ದಾಗ ಕೆಳಗೆ ಸಣ್ಣ ಸಣ್ಣ ತೂತುಗಳು. ನಾನು ಎಣಿಸಿದೆ: ಇನ್ನೂರ ಹದಿಮೂರು. ಅವುಗಳ ಮೇಲೆ ಕಣ್ಣಾಡಿಸಿದರೆ ಒಂದು ಗಾಲಿ, ಒಂದು ಕದಿರು, ಕೆಳಗೆ ಉದ್ದನೆಯ ಹಲಗೆ. ಚರಕ ಅಲ್ಲೇ ಇತ್ತು. ಆ ಮನೆಯ ಮೊಮ್ಮಗ ಬೆರಳು ಮುಟ್ಟಿಸದೆ ಅದರ ಮೇಲೆ ಗಾಳಿಯಲ್ಲಿ ಗೆರೆ ಎಳೆದ.

ಇನ್ನು ಬಾವುಟದ ಪಕ್ಕ ಇಡುವ ವಿವರದ ಚೀಟಿ ಬರೆಯುವುದಿತ್ತು. ಮೇಷ್ಟ್ರು ಮೆಲ್ಲಗೆ ಹೇಳಿದರು: "ಯಾರೋ ಆಮೇಲೆ ಬದಲಿಸ್ಯಾರ ಅಂತ ಬರದ್ರ ಸಾಕು ಬಿಡ್ರಿ. ನಿಮ್ಮ ಹೆಸರು ಯಾಕ? ನಾಳಿ ಶಾಲಿಯವ್ರು ಬಾವುಟ ಕೆಡಿಸಿದಾಕಿ ಅಂದ್ರ?"

ಅದೇ ಅಂಜಿಕೆ ಅವರಿಗೂ ಇತ್ತೆಂದು ನನಗೆ ಗೊತ್ತು. ರಾತ್ರಿಯೆಲ್ಲ ನಿದ್ದೆ ಬಂದಿಲ್ಲವೆಂದು ಬರುವ ದಾರಿಯಲ್ಲೇ ಹೇಳಿದ್ದರು. ಆದರೂ ಬೇಡವೆಂದು ತಲೆಯಾಡಿಸಿದರು.

"ಯಾರೋ ಅಂದ್ರ ಯಾರು ನಂಬ್ತಾರ್ರಿ? ಮತ್ತ ಬಾವುಟಾನ ಸುಳ್ಳು ಅಂತಾರ. ಅದು ಸುಳ್ಳಲ್ಲ, ತಪ್ಪು ಮಾಡಿದಾಕಿ ನಾನು. ನನ್ನ ಹೆಸರು ಹಾಕ್ರಿ. ದೊಡ್ಡ ಅಕ್ಷರದಾಗ ಬ್ಯಾಡ, ಅಷ್ಟ."

ಎರಡು ಮಗ್ಗುಲೂ ಕಾಣುವಂತೆ ಬಾವುಟವನ್ನು ಕೋಣೆಯ ನಡುವೆ ಗಾಜಿನೊಳಗೆ ನಿಲ್ಲಿಸಿದೆವು. ಈಚೆಯಿಂದ ನೋಡಿದರೆ ಚರಕದ ತೂತುಗಳು, ಆಚೆಯಿಂದ ಟೇಲರಮ್ಮನ ಚಕ್ರ. ಆ ವರ್ಷ ಆಗಸ್ಟಿಗೆ ಶಾಲೆಗಳಿಂದ ಬಂದ ಬೇಡಿಕೆ ನಲವತ್ನಾಲ್ಕು. ಹರಪನಹಳ್ಳಿ ಕಡೆಯ ಹೆಡ್‌ಮಾಸ್ಟರೊಬ್ಬರು ಮಕ್ಕಳನ್ನು ಕೋಣೆಗೆ ಕರೆತಂದು, ಆಮೇಲೆ ಟೇಲರಮ್ಮನ ಅಂಗಡಿಗೇ ಬಂದು ಬಾವುಟ ಹೊಲಿಯಲು ಹೇಳಿ ಹೋದರು.

ಹೋದ ಚಳಿಗಾಲದಲ್ಲಿ ಟೇಲರಮ್ಮ ತೀರಿಕೊಂಡರು. ಮಷಿನ್ನಿನ ಮೇಲೆ ಅರ್ಧ ಹೊಲಿದ ನೀಲಿ ಬಾವುಟವಿತ್ತು. ಅದನ್ನು ಅವರ ಸೊಸೆ ಮುಗಿಸಿದಳು.

ಆ ಚರಕದ ಬಾವುಟದ ನಂತರ ಕೋಣೆಗೆ ಹನ್ನೊಂದು ವಸ್ತುಗಳು ಬಂದಿವೆ. ನಾಲ್ಕನ್ನು ತಂದವರು ತಾವಾಗಿಯೇ ಬಾಯಿಬಿಟ್ಟರು: ಈ ಹಿಡಿ ನಾವು ಹಾಕಿಸಿದ್ದು, ಈ ಬಣ್ಣ ನಮ್ಮಪ್ಪ ಬಳಿದದ್ದು. ಮೊದಲು ಯಾರೂ ಹೀಗೆ ಹೇಳುತ್ತಿರಲಿಲ್ಲ, ನನಗೂ ಕೇಳಲು ಹೊಳೆದಿರಲಿಲ್ಲ. ಈಗ ನೋಂದಣಿ ಪುಸ್ತಕದಲ್ಲಿ ಆಮೇಲೆ ತಿದ್ದಿದವರ ಹೆಸರಿಗೆಂದೇ ಒಂದು ಹೊಸ ಕಾಲಂ ಗೀಚಿದ್ದೇನೆ. ಅದರ ಮೊದಲ ಸಾಲಿನಲ್ಲಿ ಇರುವುದು ಟೇಲರಮ್ಮನ ಹೆಸರು.