ಚೀಲಕ್ಕೆ ಒಂದೆಳೆ ಪಾಕ

ನನ್ನ ಬ್ಯಾಗ್‌ಪೈಪಿಗೆ ನಾನು ಕೊಟ್ಟದ್ದು ಆರುನೂರು ರಿಂಗಿಟ್. ಹೇಳಿದ ಬೆಲೆ ಎರಡು ಸಾವಿರ. ಅಷ್ಟು ಇಳಿದದ್ದು ನನ್ನ ಬಾಯಿಯ ಜೋರಿನಿಂದ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ನಿಮ್ಮ ಮುಂದೆ ನಿಜ ಒಪ್ಪಿಕೊಳ್ಳುತ್ತೇನೆ. ಮಾಂಟ್ ಕಿಯಾರಾದ ಫ್ಲ್ಯಾಟೊಂದರಲ್ಲಿ ಸ್ಕಾಟ್ಲೆಂಡಿನ ಎಂಜಿನಿಯರ್ ಒಬ್ಬರು ಊರಿಗೆ ಮರಳಲು ಸಾಮಾನು ಕಟ್ಟಿಸುತ್ತಿದ್ದರು. ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಣೆಯ ಸಣ್ಣದೊಂದು ಕಂಪನಿ ನಡೆಸುವವಳು ನಾನು, ಆ ಸಾಮಾನು ಕಳಿಸುವ ಕೆಲಸ ನನ್ನದು. ಅವರು ಎರಡು ಸಾವಿರ ಎಂದರು, ನಾನು ಆರುನೂರು ಎಂದೆ. ಅವರು ಮುಖ ಸಿಂಡರಿಸುವಷ್ಟರಲ್ಲಿ ಒಳಗಿನ ಕೋಣೆಯಿಂದ ಅವರ ಹೆಂಡತಿ "ಡನ್!" ಎಂದು ಕೂಗಿದರು. ಆ ಕೂಗಿನ ವೇಗ ನೋಡಿಯೇ ನನಗೆ ಹೊಟ್ಟೆ ಉರಿಯಿತು. ಇನ್ನೊಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಆಕೆಯೇ ನನ್ನ ಕೈಗೆ ದುಡ್ಡಿಟ್ಟು ಅದನ್ನು ಸಾಗಹಾಕುತ್ತಿದ್ದರು.

ಇದೆಲ್ಲ ಈಗ ನೆನಪಾಗಲು ಕಾರಣ ನಮ್ಮ ವಾಟ್ಸಾಪ್ ಗುಂಪು. ಕ್ಲಾಂಗಿನ ಬ್ಯಾಗ್‌ಪೈಪ್ ಊದುವವರೆಲ್ಲ ಅದರಲ್ಲಿದ್ದೇವೆ, ಅಂದರೆ ಹನ್ನೊಂದು ಜನ. ಇವತ್ತು ಬೆಳಿಗ್ಗೆ ಹೊಸಬರೊಬ್ಬರು, "ಚೀಲ ಸೋರುತ್ತಿದೆ, ಮನೆಮದ್ದು ಏನಾದರೂ ಉಂಟಾ?" ಎಂದು ಕೇಳಿದರು. ಯಾರೂ ಮದ್ದು ಹೇಳಲಿಲ್ಲ. ಒಬ್ಬರ ಹಿಂದೆ ಒಬ್ಬರು ಇರುವೆಯ ಚಿತ್ರ ಹಾಕಿ, ಪಕ್ಕದಲ್ಲಿ ನನ್ನ ಹೆಸರು ಬರೆದರು.

ಹನ್ನೊಂದು ಜನರಲ್ಲಿ ಅಭಿಪ್ರಾಯಗಳು ಕನಿಷ್ಠ ಹದಿನೈದು. ಚೀಲ ಚರ್ಮದ್ದಾಗಿರಬೇಕೋ ಪ್ಲಾಸ್ಟಿಕ್ಕಿನದೋ ಎಂಬ ವಿಷಯಕ್ಕೆ ಇಬ್ಬರು ಎರಡು ವರ್ಷ ಮಾತು ಬಿಟ್ಟಿದ್ದರು. ಅಭ್ಯಾಸಕ್ಕೆ ಮುಂಚೆ ಮಾಮಾಕ್ ಎನ್ನುವ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ರೋಟಿ ತಿನ್ನಬಹುದೇ, ತಿಂದರೆ ಎಷ್ಟು, ಅದರ ಎಣ್ಣೆ ಉಸಿರಿನೊಂದಿಗೆ ಒಳಗೆ ಹೋಗಿ ಸ್ವರ ಹೊರಡಿಸುವ ಪೀಪಿ ಕೆಡಿಸುತ್ತದೆಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಚರ್ಮದ ಪಕ್ಷದ ನಾಯಕರು ನಮ್ಮ ಗುರು ಜಸ್ವಂತ್ ಅಂಕಲ್, ಎಪ್ಪತ್ತನಾಲ್ಕರ ಸರ್ದಾರ್ಜಿ. ಪ್ಲಾಸ್ಟಿಕ್ ಪಕ್ಷದಲ್ಲಿರುವುದು ಸೆಲ್ವಂ ಒಬ್ಬನೇ. ರೈಲ್ವೆಯಿಂದ ನಿವೃತ್ತನಾದ ತಮಿಳ, ನನ್ನನ್ನು ಅಕ್ಕಾ ಎನ್ನುತ್ತಾನೆ, ನನಗಿಂತ ಆರು ವರ್ಷ ದೊಡ್ಡವನು.

ಅಂಕಲ್ ಇರುವ ಅಪಾರ್ಟ್‌ಮೆಂಟಿನ ಮೇಲಿನ ಪಾರ್ಕಿಂಗ್ ಅಂತಸ್ತೇ ನಮ್ಮ ಪಾಠಶಾಲೆ. ಅವರ ಮೊಣಕಾಲು ಹೋಗಿದೆ, ಕಾರು ಮಾರಿಯಾಗಿದೆ, ಲಿಫ್ಟ್ ಹತ್ತಿದರೆ ಪಾಠ. ಇಂತಿರುವಾಗ ಅಲ್ಲಿನ ನಿವಾಸಿಗಳ ಸಮಿತಿಗೆ ಮೇಡಂ ಲಿಮ್ ಎಂಬ ಹೊಸ ಅಧ್ಯಕ್ಷೆ ಬಂದರು. ಬಂದ ವಾರವೇ ನೋಟಿಸು: ಶಬ್ದ ನಿಲ್ಲಿಸತಕ್ಕದ್ದು. ಅಂಕಲ್ ಅದನ್ನು ಎರಡು ಸಲ ಓದಿ ಮಡಚಿ ಜೇಬಿಗಿಟ್ಟುಕೊಂಡರು.

"ಬೇರೆ ಜಾಗ ನೋಡೋಣ ಅಂಕಲ್," ಎಂದೆ.

"ನೀವು ನೋಡಿ. ನಾನು ಈ ಕಾಲಲ್ಲಿ ಎಲ್ಲಿಗೆ ಬರೋದು ಲಾ? ಇಲ್ಲಿ ಆಗದಿದ್ದರೆ ನಾನು ಪೈಪ್ ಪೆಟ್ಟಿಗೆಗೆ ಹಾಕ್ತೇನೆ. ಮಧ್ಯಾಹ್ನ ಎಲ್ಲ ಟಿವಿ ನೋಡ್ತೇನೆ."

ಟಿವಿ ಎಂಬ ಮಾತನ್ನು ಅವರು ಆಸ್ಪತ್ರೆ ಎಂಬಂತೆ ಹೇಳಿದರು. ನನಗೆ ತಡೆಯಲಾಗಲಿಲ್ಲ. ಸಂಧಾನಕ್ಕೆ ನಾನೇ ಹೋದೆ.

ಮೇಡಂ ಲಿಮ್ ನನ್ನ ತೂಕದ ಆಸಾಮಿ. ನಾನು ವಾರಕ್ಕೆ ಮೂರು ದಿನ ಕೇಳಿದೆ, ಅವರು ಸೊನ್ನೆ ಎಂದರು. ನಾನು ಎರಡಕ್ಕೆ ಇಳಿದೆ, ಅವರು ಸೊನ್ನೆಯಲ್ಲೇ ನಿಂತರು. ಒಂದು ಗಂಟೆಯ ಮಾತಿನ ಮೇಲೆ ಒಪ್ಪಂದ ಹೀಗಾಯಿತು: ಭಾನುವಾರ ಸಾಮಾನ್ಯ ಸಭೆ, ಅದು ಅದೇ ಪಾರ್ಕಿಂಗ್ ಅಂತಸ್ತಿನಲ್ಲಿ. ಅಲ್ಲಿ ನಾವು ಸರಿಯಾಗಿ ನಾಲ್ಕು ನಿಮಿಷ ನುಡಿಸಬೇಕು. ಆಮೇಲೆ ಮತ. ನಡುವೆ ನಿಲ್ಲಿಸಿದರೆ ಮತವೂ ಇಲ್ಲ, ಮಾತೂ ಇಲ್ಲ.

ತೊಡಕಿದ್ದದ್ದು ನನ್ನ ಚೀಲದಲ್ಲಿ. ಅದು ಚರ್ಮದ್ದು, ಹೊಲಿಗೆಯಲ್ಲಿ ಸೋರುತ್ತಿತ್ತು, ನಾಲ್ಕು ನಿಮಿಷ ಊದುವಷ್ಟರಲ್ಲಿ ಕಣ್ಣು ಕತ್ತಲೆ ಬರುತ್ತಿತ್ತು. ಇದಕ್ಕೆ ಒಳಗೆ ಸುರಿದು, ಚಪಾತಿ ಹಿಟ್ಟಿನಂತೆ ಹೊರಗಿನಿಂದ ನಾದಿ, ಮಿಕ್ಕದ್ದನ್ನು ಬಸಿದು ತೆಗೆಯುವ ಒಂದು ಅಂಟು ಬರುತ್ತದೆ. ಅಂಕಲ್ ಅದನ್ನು ವಿದೇಶದಿಂದ ತರಿಸಿ ಡಬ್ಬಿಗೆ ಅರವತ್ತು ರಿಂಗಿಟ್‌ಗೆ ಕೊಡುತ್ತಾರೆ. ನಾನು ಮುಚ್ಚಳ ತೆಗೆದು ಮೂಸಿದೆ. ಸಿಹಿ ವಾಸನೆ. ಹತ್ತಿರದ ಸಂತೆಯಲ್ಲಿ ತೆಂಗಿನ ಬೆಲ್ಲದ ಅಚ್ಚು ಸಿಗುವಾಗ ಅರವತ್ತು ಯಾಕೆ ಕೊಡಲಿ, ನೀವೇ ಹೇಳಿ. ಎಳ್ಳುಂಡೆಗೆ ತಲೆಮಾರುಗಳಿಂದ ಪಾಕ ತೆಗೆದ ಮನೆತನ ನಮ್ಮದು. ಗಟ್ಟಿಯಾದರೆ ಚೀಲ ಸೆಟೆದುಕೊಳ್ಳುತ್ತದೆಂದು ಯೋಚಿಸಿ ಒಂದೆಳೆ ಪಾಕಕ್ಕೇ ನಿಲ್ಲಿಸಿದೆ. ಕೈಯ ರೂಢಿಗೆ ಏಲಕ್ಕಿ ಪುಡಿಯೂ ಬಿತ್ತು.

ಮಗಳು ಅಡುಗೆಮನೆಗೆ ಇಣುಕಿ, "ಅಮ್ಮಾ, ಈಸ್ ದಟ್ ಫಾರ್ ಮಕಾನ್?" ಎಂದಳು. ತಿನ್ನುವುದಕ್ಕಲ್ಲ ಎಂದೆ. ಅವಳು ಮತ್ತೇನೂ ಕೇಳಲಿಲ್ಲ. ಈ ಮನೆಯಲ್ಲಿ ಬೆಳೆದ ಮಗು.

ಅಂಟು ಹಾಕಿದ ಚೀಲವನ್ನು ಎರಡು ದಿನ ಮುಟ್ಟಬಾರದು ಎಂಬುದು ಅಂಕಲ್ ನಿಯಮ. ನಾನು ಪಾಕ ಸುರಿದು ನಾದಿ, ಚೀಲವನ್ನು ಅಡುಗೆಮನೆಯ ಮೂಲೆಯಲ್ಲಿ ಭಕ್ತಿಯಿಂದ ಇಟ್ಟು, ಎರಡು ದಿನ ಅತ್ತ ತಲೆ ಹಾಕಲಿಲ್ಲ. ಬೇರೆಯವರು ಹಾಕಿದ್ದರು.

ಭಾನುವಾರ ಸಂಜೆ ಐದು. ಅರವತ್ತು ನಿವಾಸಿಗಳು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ತೋಳು ಕಟ್ಟಿ ಕುಳಿತಿದ್ದರು. ಮೇಡಂ ಲಿಮ್ ಕೈಯಲ್ಲಿ ಗಡಿಯಾರ. ಅಂಕಲ್ ಪೇಟ ಸರಿಮಾಡಿಕೊಂಡು ಸನ್ನೆ ಮಾಡಿದರು. ಮೊದಲ ನಿಮಿಷ, ದೇವರಾಣೆ, ನನ್ನ ಚೀಲ ಒಂದು ತೊಟ್ಟು ಗಾಳಿ ಬಿಡಲಿಲ್ಲ. ಅರವತ್ತು ರಿಂಗಿಟ್ ಉಳಿಸಿದ ಸುಖದಲ್ಲಿ ನಾನು ತೇಲುತ್ತಿದ್ದೆ.

ಎರಡನೇ ನಿಮಿಷಕ್ಕೆ ನನ್ನ ಬಿಸಿಯುಸಿರಿಗೆ ಪಾಕ ಕರಗಿ, ಅದರಲ್ಲಿ ಸಂಸಾರ ಹೂಡಿದ್ದವರಿಗೆ ಗಾಬರಿಯಾಗಿರಬೇಕು. ಭುಜದ ಮೇಲೆ ಒರಗಿದ ಮೂರು ಶ್ರುತಿಕೊಳವೆಗಳ ಬುಡದಿಂದ ಇರುವೆಗಳು ಸಾಲುಗಟ್ಟಿ ಹೊರಟು ನನ್ನ ಕುತ್ತಿಗೆಗೆ ಇಳಿದವು. ಪಕ್ಕದಲ್ಲಿದ್ದ ಸೆಲ್ವಂ ನೋಡಿಬಿಟ್ಟ. ಬಾಯಿಂದ ಊದುಕೊಳವೆ ತೆಗೆದು, "ಅಕ್ಕಾ! ಎರುಂಬು!" ಎಂದು ತಮಿಳಿನಲ್ಲಿ ಕಿರುಚಿ, ಮತ್ತೆ ಕಚ್ಚಿಕೊಂಡು ಊದಿದ. ಅವನನ್ನು ಮೆಚ್ಚಬೇಕು, ಸ್ವರ ತಪ್ಪಲಿಲ್ಲ.

ಎರಡೂ ಕೈ ಕೊಳಲಿನ ಮೇಲೆ, ತೋಳಿನ ಕೆಳಗೆ ಚೀಲ, ಬಾಯಲ್ಲಿ ಕೊಳವೆ. ಕೆರೆದುಕೊಳ್ಳಲು ನನ್ನ ಬಳಿ ಉಳಿದದ್ದು ಏನೂ ಇರಲಿಲ್ಲ. ನಿಲ್ಲಿಸೋಣವೆಂದು ಅಂಕಲ್ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದರು, ಮೊಣಕಾಲು ನಡುಗುತ್ತಿತ್ತು. ನಿಲ್ಲಿಸಲಿಲ್ಲ.

ಆಗ ಮೇಡಂ ಲಿಮ್ ಎದ್ದರು. ಕಾವಲುಗಾರನ ಮೇಜಿನಿಂದ ಕೀಟನಾಶಕದ ಡಬ್ಬಿ ಕಿತ್ತುಕೊಂಡು ನೇರ ನನ್ನತ್ತ ಬಂದು, ಬೆನ್ನಿಗೆ ಸಿಂಪಡಿಸತೊಡಗಿದರು.

"ನಿಲ್ಲಿಸಬೇಡಿ! ಇನ್ನೂ ಒಂದು ನಿಮಿಷ ಹತ್ತು ಸೆಕೆಂಡ್ ಇದೆ!" ಎಂದರು. ನಿಯಮ ಎಂದರೆ ಆಕೆಗೆ ನಿಯಮ.

ನಾಲ್ಕು ನಿಮಿಷ ಮುಗಿಯಿತು. ಇರುವೆ ಎಲ್ಲಿಂದ ಎಂದು ಕೇಳಿದವರಿಗೆ ಚೀಲದೊಳಗಿನ ಬೆಲ್ಲದ ಪಾಕದಿಂದ ಎಂದೆ. ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಇಲ್ಲಿ ತಿಂಡಿ ತರೋದಕ್ಕೆ ಪರ್ಮಿಶನ್ ಕೊಟ್ಟವರು ಯಾರು?" ಎಂದರು. ಇನ್ನೊಬ್ಬರು ಹೋದ ತಿಂಗಳು ಲಿಫ್ಟಿನಲ್ಲೂ ಇರುವೆ ಕಂಡೆ ಎಂದರು. ಕೀಟನಾಶಕದ ಗುತ್ತಿಗೆದಾರ ಕಳ್ಳ ಎಂದು ಮೂರನೆಯವರು. ಮುಕ್ಕಾಲು ಗಂಟೆ ಜಗಳವಾಡಿ ಸಭೆ ಒಮ್ಮತದಿಂದ ಒಂದು ನಿರ್ಣಯ ಅಂಗೀಕರಿಸಿತು: ಪಾರ್ಕಿಂಗ್ ಅಂತಸ್ತಿಗೆ ಸಂಗೀತ ವಾದ್ಯದ ಒಳಗೆ ಆಹಾರ ತರಕೂಡದು. ಆಹಾರವಿಲ್ಲದ ವಾದ್ಯ ತರಬಹುದು ಎಂದು ತಾನೇ ಇದರ ಅರ್ಥ? ಮೇಡಂ ಲಿಮ್ ನಿರ್ಣಯವನ್ನು ಮೂರು ಸಲ ಓದಿ, ಹಲ್ಲು ಕಡಿದು, ಸಹಿ ಹಾಕಿದರು. ಶಬ್ದದ ಮೇಲೆ ಮತ ಹಾಕಿಸಲು ಎಲ್ಲರೂ ಮರೆತಿದ್ದರು.

ಅಂಕಲ್ ನನ್ನ ಚೀಲ ಇಸಿದುಕೊಂಡು ಮೂಸಿದರು. "ಏಲಕ್ಕಿ?" ಎಂದರು. ಹೂಂ ಎಂದೆ. ಚೀಲ ನನ್ನ ಕೈಗೆ ಮರಳಿಸಿ, "ಮುಂದಿನ ಭಾನುವಾರ ಐದು ಗಂಟೆ. ಲೇಟ್ ಮಾಡಬೇಡ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಕೀಟನಾಶಕದ ಗಾಳಿಯೂ ಆ ಕಡೆಗೇ ಬೀಸುತ್ತಿತ್ತು, ಆದ್ದರಿಂದ ಖಚಿತವಾಗಿ ಏನೂ ಹೇಳಲಾರೆ.

ಈಗ ನಿಮಗೊಂದು ಸಲಹೆ, ಪುಕ್ಕಟೆ. ಸಮಿತಿಯ ಮುಂದೆ ಏನನ್ನಾದರೂ ಕೇಳಲು ಹೋಗುವಾಗ ಅವರು ಬೇಡವೆನ್ನಲು ಇನ್ನೊಂದು ವಸ್ತುವನ್ನೂ ಜೊತೆಗೆ ಒಯ್ಯಿರಿ. ಅರವತ್ತು ಜನ ಮನೆಯ ಸೋಫಾ ಬಿಟ್ಟು ಬಂದಿರುತ್ತಾರೆ, ಏನನ್ನೂ ನಿಷೇಧಿಸದೆ ಮನೆಗೆ ಹೋಗಿ ಎಂದರೆ ಹೇಗೆ ಹೋದಾರು? ಆದರೆ ಇರುವೆ ಬೇಡ, ಹದಿನೈದು ದಿನ ಉರಿಯುತ್ತದೆ. ನಮ್ಮ ಪಾಠ ಕೇಳಬೇಕೆನಿಸಿದರೆ ಯಾವ ಭಾನುವಾರವಾದರೂ ಬನ್ನಿ. ಬರುವ ಮುಂಚೆ ಸೋಪು ಹಚ್ಚಿ ಕೈ ತೊಳೆದುಕೊಳ್ಳಿ. ಮೆಟ್ಟಿಲ ಬಾಗಿಲಲ್ಲಿ ಮೇಡಂ ಲಿಮ್ ನಿಂತಿರುತ್ತಾರೆ, ಬೆರಳು ಮೂಸಿ ನೋಡಿಯೇ ಒಳಗೆ ಬಿಡುತ್ತಾರೆ.