ಮಾವನ ಗಂಟಲು, ಅಳಿಯನ ಕತ್ತಿ

ಮಿಕಿ ಊರಿನ ಕಮ್ಮಾರರ ಓಣಿಯಲ್ಲಿ ಇಸಾಬುರೊನಷ್ಟು ಪುಕ್ಕಲ ಇನ್ನೊಬ್ಬನಿರಲಿಲ್ಲ. ಮೂವತ್ತು ದಾಟಿದ ಮೇಲೆ ಕುಲುಮೆ ಮುಂದೆ ಕೂತ ಮನುಷ್ಯ. ಅದಕ್ಕೆ ಮೊದಲು ಅಪ್ಪನ ತೋಫು ಅಂಗಡಿಯಲ್ಲಿ ಆ ಮೆತ್ತಗಿನ ಸೋಯಾ ಗಿಣ್ಣನ್ನು ನೀರೊಳಗೆ ಕೊಯ್ದು ಮಾರಿಕೊಂಡು ಹಾಯಾಗಿದ್ದ. ಕ್ಷೌರದ ಕತ್ತಿ ಮಾಡುವ ಮುದುಕ ಗೊನ್‌ಪೆಯಿಗೆ ಗಂಡುಮಕ್ಕಳಿರಲಿಲ್ಲ. ಮಗಳು ಶಿನೊಗೆ ಇವನನ್ನು ತಂದುಕೊಂಡ, ತನ್ನ ಮನೆತನದ ಹೆಸರನ್ನೇ ಇವನಿಗೂ ಕೊಟ್ಟ. ಮನೆಅಳಿಯನ ಬಾಳು ಗೊತ್ತಿದ್ದದ್ದೇ. ಕೆಲಸ ಕೈಗೆ ಹತ್ತಿದರೆ ಮಗ, ಹತ್ತದಿದ್ದರೆ ಗಂಟುಮೂಟೆ. ಆ ಓಣಿಯಿಂದ ಹಾಗೆ ವಾಪಸು ಹೋದವರಿದ್ದರು. ಹೆಂಡತಿ ಅವರ ಹಿಂದೆ ಹೋಗುವ ರೂಢಿ ಇರಲಿಲ್ಲ. ಶಿನೊ ಆಗ ಬಸುರಿ.

ಆ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಹೊಸಬ ಮಾಡಿದ ಮೊದಲ ಕತ್ತಿ ಅಂಗಡಿಗೆ ಹೋಗುವುದಿಲ್ಲ. ಯಜಮಾನ ಅಂಗಾತ ಮಲಗುತ್ತಾನೆ, ಮಾಡಿದವನೇ ಆ ಕತ್ತಿಯಿಂದ ಯಜಮಾನನ ಗಂಟಲು ಬೋಳಿಸಬೇಕು.

"ನಮ್ಮನೆ ಗಂಟಲಿಗೆ ಆಗದ್ದು ಊರೋರ ಗಂಟಲಿಗೆ ಯಾಕೆ?" ಎನ್ನುತ್ತಿದ್ದ ಗೊನ್‌ಪೆಯಿ. ಮಾತು ಸರಿಯೇ. ಆದರೆ ಕತ್ತಿ ಹಿಡಿಯುವವನ ಜೀವ ಬಾಯಿಗೆ ಬರುತ್ತದಲ್ಲ, ಅದನ್ನು ಯಾರು ಕೇಳಬೇಕು?

ಕಬ್ಬಿಣಕ್ಕೆ ಉಕ್ಕು ಬೆಸೆದು ಬಡಿಯುವವರೆಗೆ ಮುದುಕ ಪಕ್ಕದಲ್ಲೇ ಕೂತು ಬಯ್ಯುತ್ತಿದ್ದ. ಅಲಗನ್ನು ಕಾಯಿಸಿ ನೀರಿಗದ್ದಿ ಹದ ಹಾಕುವ ದಿನ ಮಾತ್ರ ಎದ್ದು ಹೊರಗೆ ಹೋದ. ಕಾದ ಉಕ್ಕಿನ ಬಣ್ಣವನ್ನು ಅವರವರ ಕಣ್ಣೇ ಕಂಡುಕೊಳ್ಳಬೇಕು, ಹಾಗಾಗಿ ಆ ಹೊತ್ತಿನಲ್ಲಿ ಒಳಗೆ ಒಬ್ಬನೇ. ಬಾಗಿಲು ಕಿಟಕಿ ಮುಚ್ಚಿ ನಡುಹಗಲಲ್ಲೂ ಕತ್ತಲು ಮಾಡಬೇಕು. ಬೆಳಕಿದ್ದರೆ ಅತಿಯಾಗಿ ಕಾದದ್ದೂ ಇನ್ನೂ ಕಾಯದಂತೆ ಕಾಣುತ್ತದೆ. ಅತಿಯಾಗಿ ಕಾದ ಅಲಗಿನ ಬಾಯಿ ಆಮೇಲೆ ಚೂರುಚೂರಾಗಿ ಉದುರುತ್ತದೆ.

ಇಸಾಬುರೊ ತಿದಿ ಒತ್ತಿದ. ಅಲಗು ಕೆಂಪಗಾಗುತ್ತಾ ಬಂತು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದುಕೊಂಡು ಕಾಯಿಸಿ ನೀರಿಗೆ ಅದ್ದಿದ. ಚುಂಯ್ ಎಂದ ಸದ್ದು ಅಡಗಿ ತಲೆ ಎತ್ತಿದರೆ, ಹಲಗೆ ಬಾಗಿಲು ಜಾರಿ ಒಂದು ಬಿಸಿಲಿನ ಪಟ್ಟೆ ಕುಲುಮೆಯ ಮೇಲೆ ಬಿದ್ದಿತ್ತು. ಯಾವಾಗಿನಿಂದ ಬಿದ್ದಿತ್ತೋ ಅವನಿಗೆ ತಿಳಿಯದು. ಮೆಲ್ಲಗೆ ಹೋಗಿ ಬಾಗಿಲನ್ನು ಸರಿಸಿ ಮುಚ್ಚಿದ, ಆಮೇಲೆ ಆಗಷ್ಟೇ ಕೆಲಸ ಮುಗಿಸಿದವನಂತೆ ಪೂರ್ತಿ ತೆರೆದ.

"ಬಣ್ಣ ಸಿಕ್ತಾ?" ಎಂದು ಕೇಳಿದ ಮುದುಕ.

"ಸಿಕ್ತು ಮಾವ," ಎಂದುಬಿಟ್ಟ.

ಮಸೆಗಲ್ಲಿಗೆ ಕೂತಾಗ ಕತ್ತಿಯ ಬಾಯಿ ಚೆನ್ನಾಗಿಯೇ ಬಂತು, ತೋಳಿನ ಕೂದಲು ಹಾರಿತು. ಉಗುರಿನ ಮೇಲೆ ಎಳೆದು ನೋಡಿದರೆ ಒಂದು ಕಡೆ ಚುರುಕ್ ಎಂದಿತು. ಕಣ್ಣಿಗೆ ಕಾಣದಷ್ಟು ಬಾಯಿ ಉದುರಿತ್ತು. ಮಸೆದು ಅಳಿಸಿದ. ಮತ್ತೆ ಎಳೆದರೆ ಇನ್ನೊಂದು ಕಡೆ. ಅದನ್ನೂ ಅಳಿಸಿ, ಮೂರನೆಯ ಸಲ ನೋಡುವ ಧೈರ್ಯವಾಗದೆ ಬಟ್ಟೆಯಲ್ಲಿ ಸುತ್ತಿಟ್ಟ.

ಊಟಕ್ಕೆ ಕೂತರೆ ಅನ್ನ ಇಳಿಯಲಿಲ್ಲ.

"ಯಾಕ್ರೀ, ಅಪ್ಪನ ಗಂಟಲು ನೆನಪಾಯ್ತಾ?" ಶಿನೊ ನಕ್ಕಳು. "ಅದು ಆಮೆ ಚರ್ಮ ಇದ್ದಂಗಿದೆ. ನಿಮ್ ಕತ್ತೀನೇ ಮೊಂಡಾಗೋದು."

"ಸುಮ್ನಿರೇ!" ಎಂದು ರೇಗಿದ. ಅವಳ ಹೊಟ್ಟೆಯ ಕಡೆ ನೋಡಲು ಅವನಿಗೆ ಆಗಲಿಲ್ಲ. ಹೇಳಿದರೆ ಇವಳು ಹೋದಳು, ಹೇಳದಿದ್ದರೆ ಮುದುಕ ಹೋದ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದೇ ತಿಳಿಯದಷ್ಟು ಹೆದರಿದ್ದ.

ಮರುದಿನ ಬೆಳಗ್ಗೆ ಗೊನ್‌ಪೆಯಿ ಚಾಪೆಯ ಮೇಲೆ ಮಲಗಿ ಗಂಟಲು ಮೇಲೆತ್ತಿದ. "ಬಾರಯ್ಯ ತೋಫು. ನೋಡೋಣ ನಿನ್ ಕೈಚಳಕ."

ಬಿಸಿನೀರಿನ ಬಟ್ಟೆಯಿಂದ ಒರೆಸಿ, ಚರ್ಮ ಬಿಗಿಹಿಡಿದು, ಇಸಾಬುರೊ ಅಲಗನ್ನು ಇಟ್ಟ. ಅಲಗಿನ ಕೆಳಗೆ ಮುದುಕನ ನಾಡಿ ಬಡಿಯುತ್ತಿತ್ತು. ಮುದುಕ ಕಣ್ಣು ಮುಚ್ಚಿ, ಮಗುವಿನಂತೆ ಬಾಯಿ ಸ್ವಲ್ಪ ತೆರೆದುಕೊಂಡಿದ್ದ. ಇಸಾಬುರೊ ಕತ್ತಿಯನ್ನು ಎತ್ತಿಬಿಟ್ಟ.

"ಆಗಲ್ಲ ಮಾವ."

"ಕೈ ನಡುಗ್ತಿದ್ಯಾ?"

"ಕೈ ಅಲ್ಲ, ಕತ್ತಿ ಸರಿಯಿಲ್ಲ. ಹದ ಹಾಕೋವಾಗ ಒಳಗೆ ಬಿಸಿಲು ಬಿದ್ದಿತ್ತು. ನಿಮಗೆ ಸುಳ್ಳು ಹೇಳ್ದೆ."

ಮುದುಕ ಒಂದು ಕಣ್ಣು ತೆರೆದ. "ಬಾಯಿ ಉದುರ್ತಾ?"

"ಎರಡು ಸಲ."

ಗೊನ್‌ಪೆಯಿ ಎದ್ದು ಕತ್ತಿಯನ್ನು ಕಸಿದುಕೊಂಡು ಹೋಗಿ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೂಲೆಗೆ ತಟ್ಟಿದ. ಜೋರಾಗಿಯೂ ಅಲ್ಲ. ಬಾಯಿಯ ಒಂದು ತುಂಡು ಟಣ್ಣೆಂದು ಹಾರಿತು. ಮುರಿದ ಕಡೆ ಬೂದಿಯಂತೆ ನುಣ್ಣಗಿರಬೇಕಾದ ಉಕ್ಕು ಸಕ್ಕರೆಯ ಹಾಗೆ ಹರಳುಹರಳಾಗಿತ್ತು. ಇಬ್ಬರೂ ನೋಡಿದರು.

"ಇದನ್ನ ನನ್ ಗಂಟಲ ಮೇಲೆ ಇಟ್ಟಿದ್ದೆ ನೀನು."

"ಹೂಂ."

"ಮಲಕ್ಕೋ."

"ಮಾವ..."

"ಮಲಕ್ಕೋ ಅಂದ್ರೆ ಮಲಕ್ಕೋ!"

ಇಸಾಬುರೊ ಮಲಗಿದ. ಮುದುಕ ತನ್ನ ಸ್ವಂತ ಕತ್ತಿ ತಂದು ಅವನ ಗಂಟಲ ಮೇಲೆ ಇಟ್ಟ. ಅಲಗು ತಣ್ಣಗಿತ್ತು. ಉಗುಳು ನುಂಗಿದರೆ ಕೊಯ್ಯುತ್ತದೇನೋ ಎಂದು ಇಸಾಬುರೊ ನುಂಗಲಿಲ್ಲ.

"ಹೆಂಗಿದೆ?"

"ಭಯ ಆಗ್ತಿದೆ."

"ಆಗ್ಬೇಕು."

ಕತ್ತಿ ಸರಕ್ಕೆಂದು ಗಲ್ಲದ ಕೆಳಗೆ ಓಡಿತು. ಮುದುಕ ಅಲಗನ್ನು ಬಟ್ಟೆಗೆ ಒರೆಸಿಕೊಂಡ.

"ನಾಳೆ ಎದ್ದ ತಕ್ಷಣ ಇದ್ದಿಲು ಸಣ್ಣಗೆ ಕಡಿದಿಡು. ಬೇರೆ ಉಕ್ಕು ನಾನೇ ಆರಿಸ್ಕೊಡ್ತೀನಿ."

ಇಸಾಬುರೊನ ಕಣ್ಣೀರು ಎರಡೂ ಕಡೆ ಇಳಿದು ಕಿವಿಯೊಳಗೆ ಹೋಯಿತು.

"ಅಲ್ಲಾಡಬೇಡ್ವೋ," ಎಂದ ಗೊನ್‌ಪೆಯಿ, ಅವನ ತಲೆಯನ್ನು ಕೈಯಿಂದ ಒತ್ತಿ ಹಿಡಿದು. "ಇನ್ನೊಂದು ಕಡೆ ಬಾಕಿ ಇದೆ."